ಸೋಡಿಯಂ ಇಳಿದಾಗ ಹೃದಯದ ಕೋಶದಲ್ಲಿ ನೀರು ಏನು ಮಾಡುತ್ತದೆ?

ಮಂಗಳೂರು, ಉಡುಪಿ ಕಡೆಯ ಯಾವ ಆಸ್ಪತ್ರೆಯ ವಾರ್ಡಿನಲ್ಲಿ ನಿಂತರೂ ಒಂದು ಮಾತು ಕಿವಿಗೆ ಬೀಳುತ್ತದೆ. "ಅಜ್ಜಿಗೆ ಸೋಡಿಯಂ ಕಡಿಮೆ ಆಗಿದೆಯಂತೆ, ಅಡ್ಮಿಟ್ ಮಾಡಿದ್ದಾರೆ." ಕುಂದಾಪುರದಿಂದ ಮಣಿಪಾಲಕ್ಕೆ ತಂದವರಿರಬಹುದು, ಬಂಟ್ವಾಳದಿಂದ ಮಂಗಳೂರಿಗೆ ತಂದವರಿರಬಹುದು. ಮನೆಯವರ ತೀರ್ಮಾನ ಮಾತ್ರ ಹೆಚ್ಚುಕಡಿಮೆ ಒಂದೇ. "ಉಪ್ಪು ಕಮ್ಮಿ ತಿನ್ನಿ ಅಂತ ಡಾಕ್ಟ್ರು ಹೇಳಿದ್ದರಲ್ಲ, ಅದಕ್ಕೇ ಹೀಗಾಯಿತು. ಇನ್ನು ಗಂಜಿಗೆ ಸ್ವಲ್ಪ ಜಾಸ್ತಿ ಉಪ್ಪು ಹಾಕಿ ಕೊಡಿ, ಉಪ್ಪಿನಕಾಯಿಯೂ ಇರಲಿ."

ಈ ತೀರ್ಮಾನ ಎಷ್ಟೋ ಸಲ ತಪ್ಪು. ಹೃದಯದ ಪಂಪಿಂಗ್ ಕಡಿಮೆ ಇರುವವರಲ್ಲಂತೂ ಅಪಾಯದ ತಪ್ಪು. ಯಾಕೆ ಅಂತ ತಿಳಿಯಬೇಕಾದರೆ ರಕ್ತದ ಉಪ್ಪಿಗೂ ಹೃದಯದ ಕೋಶದೊಳಗಿನ ನೀರಿಗೂ ಇರುವ ಸಂಬಂಧ ನೋಡಬೇಕು. ಆ ನೀರು ಓಡಾಡುವ ಅತಿ ಸಣ್ಣ ದಾರಿಗಳ ವಿಷಯವೂ ಅಲ್ಲೇ ಬರುತ್ತದೆ.

ಮೊದಲು ರಿಪೋರ್ಟಿನ ಅಂಕಿ ನೋಡೋಣ. ಸೋಡಿಯಂ ಒಂದು ಲೀಟರಿಗೆ 135ರಿಂದ 145 ಮಿಲಿಮೋಲ್ ಇದ್ದರೆ ಸರಿ ಅಂತ ಲೆಕ್ಕ. ಇಲ್ಲಿ "ಒಂದು ಲೀಟರಿಗೆ" ಅನ್ನುವುದೇ ಮುಖ್ಯ. ಮೈಯಲ್ಲಿ ಒಟ್ಟು ಎಷ್ಟು ಉಪ್ಪಿದೆ ಅಂತ ಈ ಅಂಕಿ ಹೇಳುವುದಿಲ್ಲ. ಇರುವ ನೀರಿಗೆ ಎಷ್ಟು ಉಪ್ಪು ಬೆರೆತಿದೆ ಅಂತ ಮಾತ್ರ ಹೇಳುತ್ತದೆ. ಉಪ್ಪು ಹೋದರೂ ಅಂಕಿ ಇಳಿಯುತ್ತದೆ. ಉಪ್ಪು ಇದ್ದಷ್ಟೇ ಇದ್ದು ನೀರು ಜಾಸ್ತಿಯಾದರೂ ಇಳಿಯುತ್ತದೆ. ಕಾಲು ಊದಿಕೊಂಡ ಹೃದ್ರೋಗಿಯ ಮೈಯಲ್ಲಿ ಉಪ್ಪು ಬೇಕಾದ್ದಕ್ಕಿಂತ ಜಾಸ್ತಿಯೇ ಇರುತ್ತದೆ. ನೀರು ಅದಕ್ಕಿಂತಲೂ ಜಾಸ್ತಿ ಸೇರಿರುತ್ತದೆ. ರಿಪೋರ್ಟ್ ನೋಡಿದರೆ ಸೋಡಿಯಂ 124!

ರಕ್ತದಲ್ಲಿ ಕರಗಿರುವುದು ಉಪ್ಪೊಂದೇ ಅಲ್ಲ. ಸಕ್ಕರೆ ಇದೆ, ಯೂರಿಯಾ ಇದೆ. ಎಲ್ಲ ಸೇರಿಸಿ ಕರಗಿದ ಕಣಗಳು ಎಷ್ಟಿವೆ ಅಂತ ಎಣಿಸುವ ಅಳತೆ ಮಿಲಿಆಸ್ಮೋಲ್. ಆರೋಗ್ಯವಂತರಲ್ಲಿ ಇದು ಸುಮಾರು 280ರಿಂದ 295. ಇದರಲ್ಲಿ ಬಹುಪಾಲು ಸೋಡಿಯಂ ಮತ್ತು ಕ್ಲೋರೈಡ್‌ನಂಥ ಅದರ ಜೊತೆಗಾರರದ್ದು. ಅದಕ್ಕೇ ವೈದ್ಯರು ಸೋಡಿಯಂ ಅಂಕಿಯನ್ನು ಎರಡರಿಂದ ಗುಣಿಸಿ, ಸಕ್ಕರೆ ಮತ್ತು ಯೂರಿಯಾದ್ದು ಸ್ವಲ್ಪ ಸೇರಿಸಿ ಅಂದಾಜು ಹಾಕುತ್ತಾರೆ. ಸೋಡಿಯಂ 140 ಇದ್ದರೆ ಒಟ್ಟು 290ರ ಆಸುಪಾಸು. ಮಲ್ಪೆ ಅಥವಾ ಪಣಂಬೂರಿನ ಕಡಲ ನೀರು ಸಾಮಾನ್ಯ ಸಮುದ್ರದ ನೀರಿನಷ್ಟೇ ಉಪ್ಪಿದ್ದರೆ ಅದರ ಅಂಕಿ 1000ದ ಹತ್ತಿರ ಬರುತ್ತದೆ.

ಈಗ ಕೋಶಕ್ಕೆ ಬರೋಣ. ಪ್ರತಿ ಕೋಶದ ಸುತ್ತ ಎಣ್ಣೆಯಂಥ ಕೊಬ್ಬಿನ ತೆಳು ಪೊರೆ ಇದೆ. ಉಪ್ಪು ಅದನ್ನು ಸುಲಭವಾಗಿ ದಾಟುವುದಿಲ್ಲ. ನೀರು ದಾಟುತ್ತದೆ. ಹೊರಗೆ ಉಪ್ಪು ಜಾಸ್ತಿಯಾದರೆ ಒಳಗಿನ ನೀರು ಹೊರಗೆ ಬರುತ್ತದೆ, ಹೊರಗೆ ಕಡಿಮೆಯಾದರೆ ನೀರು ಒಳಗೆ ನುಗ್ಗುತ್ತದೆ. ಮಾವಿನ ಮಿಡಿಗೆ ಕಲ್ಲುಪ್ಪು ಬೆರೆಸಿ ಭರಣಿಯಲ್ಲಿಟ್ಟರೆ ಒಂದು ತೊಟ್ಟು ನೀರು ಹಾಕದಿದ್ದರೂ ಕೆಲವು ದಿನದಲ್ಲಿ ಭರಣಿಯಲ್ಲಿ ನೀರು ನಿಲ್ಲುತ್ತದೆ, ಮಿಡಿ ಮುರುಟುತ್ತದೆ. ಅಲ್ಲಿ ನಡೆಯುವುದೂ ಇದೇ. ಹೃದಯದ ಕೋಶದಲ್ಲಿ ಇದು ದಿನಗಟ್ಟಲೆ ಅಲ್ಲ, ಸೆಕೆಂಡುಗಳಲ್ಲಿ ಶುರುವಾಗುತ್ತದೆ.

ಈ ಎಳೆತದ ಬಲ ಎಷ್ಟು ಅಂತ ಲೆಕ್ಕ ಹಾಕಿದರೆ ಆಶ್ಚರ್ಯವಾಗುತ್ತದೆ. ಒಳಗೆ ಹೊರಗೆ ಒಂದೇ ಒಂದು ಮಿಲಿಆಸ್ಮೋಲ್ ವ್ಯತ್ಯಾಸ ಇದ್ದರೆ ಅದು ಸುಮಾರು 19 ಮಿಲಿಮೀಟರ್ ಪಾದರಸದಷ್ಟು ಒತ್ತಡಕ್ಕೆ ಸಮ. ಹತ್ತು ಮಿಲಿಆಸ್ಮೋಲ್ ಅಂದರೆ 190. ನಮ್ಮ ಬಿ.ಪಿ.ಯ ಮೇಲಿನ ಅಂಕಿಯೇ 120! ಕೋಶದ ತೆಳು ಪೊರೆ ಇಷ್ಟು ಒತ್ತಡ ತಡೆದು ನಿಲ್ಲುವ ಮಾತೇ ಇಲ್ಲ. ಅದಕ್ಕೇ ಅದು ತಡೆಯಲು ಹೋಗುವುದಿಲ್ಲ. ಎರಡೂ ಕಡೆ ಸಮ ಆಗುವ ತನಕ ನೀರನ್ನು ಬಿಟ್ಟುಕೊಡುತ್ತದೆ, ಇಲ್ಲವೇ ಒಳಗೆ ಸೇರಿಸಿಕೊಳ್ಳುತ್ತದೆ. ಸೋಡಿಯಂ 140ರಿಂದ 126ಕ್ಕೆ ಇಳಿದರೆ ಒಟ್ಟು ಸಾಂದ್ರತೆ ಸುಮಾರು ನೂರಕ್ಕೆ ಹತ್ತರಷ್ಟು ಇಳಿದಂತೆ. ಕೋಶ ಬೇರೇನೂ ಉಪಾಯ ಮಾಡದಿದ್ದರೆ ಅದರೊಳಗಿನ ನೀರು ಅಷ್ಟೇ ಪ್ರಮಾಣದಲ್ಲಿ ಏರಬೇಕು.

ಕೊಬ್ಬಿನ ಪೊರೆಯ ಮೂಲಕವೇ ನೀರು ಸೋಸಿ ಹೋಗುತ್ತದೆ ಅಂತ ಬಹಳ ಕಾಲ ಅಂದುಕೊಂಡಿದ್ದರು. ಅದು ಸುಳ್ಳಲ್ಲ, ಆದರೆ ನಿಧಾನ. ಕೆಂಪು ರಕ್ತಕಣದಲ್ಲಿ ನೀರು ಓಡುವ ವೇಗ ಆ ಲೆಕ್ಕಕ್ಕೆ ಕೂಡುತ್ತಿರಲಿಲ್ಲ. ಅಮೆರಿಕದ ಪೀಟರ್ ಆಗ್ರೆ ರಕ್ತದ ಆರ್‌ಎಚ್ ಗುಂಪಿನ ಪ್ರೋಟೀನ್ ಹುಡುಕುತ್ತಿದ್ದರು. ಜೊತೆಗೆ ಇನ್ನೊಂದು ಪ್ರೋಟೀನ್ ಸಿಗುತ್ತಲೇ ಇತ್ತು. ಅದು ರಾಶಿ ರಾಶಿ ಇತ್ತು, ಕೆಲಸ ಏನು ಅಂತ ಗೊತ್ತಿರಲಿಲ್ಲ. 1992ರಲ್ಲಿ ಅವರ ತಂಡ ಕಪ್ಪೆಯ ಮೊಟ್ಟೆ ಆ ಪ್ರೋಟೀನನ್ನು ತಯಾರಿಸುವಂತೆ ಮಾಡಿ, ಮೊಟ್ಟೆಯನ್ನು ಉಪ್ಪು ಕಡಿಮೆ ಇರುವ ನೀರಿಗೆ ಬಿಟ್ಟಿತು. ಸಾಮಾನ್ಯ ಮೊಟ್ಟೆ ಸುಮ್ನೆ ಇತ್ತು. ಪ್ರೋಟೀನ್ ಇರುವ ಮೊಟ್ಟೆ ನೋಡನೋಡುತ್ತಾ ಉಬ್ಬಿ ಒಡೆಯಿತು. ಅದಕ್ಕೆ ಆಕ್ವಾಪೊರಿನ್ ಅಂತ ಹೆಸರಿಟ್ಟರು. 2003ರಲ್ಲಿ ಆಗ್ರೆಗೆ ರಸಾಯನಶಾಸ್ತ್ರದ ನೊಬೆಲ್ ಬಂತು. ಅಯಾನುಗಳ, ಅಂದರೆ ಸೋಡಿಯಂನಂಥ ವಿದ್ಯುತ್ ಹೊತ್ತ ಕಣಗಳ, ದಾರಿಗಳ ರಚನೆ ಬಿಡಿಸಿದ ರಾಡೆರಿಕ್ ಮೆಕಿನನ್ ಜೊತೆ ಅದನ್ನು ಹಂಚಿಕೊಂಡರು.

ಈ ಪ್ರೋಟೀನಿನ ನಡುವೆ ಒಂದು ರಂಧ್ರ ಇದೆ. ಅದರ ಅತಿ ಇಕ್ಕಟ್ಟಿನ ಜಾಗದಲ್ಲಿ ನೀರಿನ ಅಣುಗಳು ಒಂದರ ಹಿಂದೆ ಒಂದಾಗಿಯೇ ಹೋಗಬೇಕು. ಆದರೂ ಒಂದು ಸೆಕೆಂಡಿನಲ್ಲಿ ಸುಮಾರು 300 ಕೋಟಿ ಅಣುಗಳು ದಾಟುತ್ತವೆ. ಸೋಡಿಯಂ ದಾಟುವುದಿಲ್ಲ. ನೀರಿಗೆ ಅಂಟಿಕೊಂಡು ಜಿಗಿಯುವ ಹೈಡ್ರೋಜನ್ ಅಯಾನು ಕೂಡ ದಾಟುವುದಿಲ್ಲ. ಹಾಗೆ ದಾಟಿದ್ದರೆ ಕೋಶದ ಆಮ್ಲದ ಲೆಕ್ಕವೇ ತಲೆಕೆಳಗಾಗುತ್ತಿತ್ತು. ಮನುಷ್ಯರಲ್ಲಿ ಈ ಕುಟುಂಬದ 13 ಪ್ರೋಟೀನುಗಳಿವೆ. ಸೊನ್ನೆಯಿಂದ ಹನ್ನೆರಡರವರೆಗೆ ನಂಬರು.

ಆಕ್ವಾಪೊರಿನ್ ಯಾವುದನ್ನೂ ಪಂಪ್ ಮಾಡುವುದಿಲ್ಲ. ಅದಕ್ಕೆ ಶಕ್ತಿ ಖರ್ಚಿಲ್ಲ, ತನ್ನದೇ ದಿಕ್ಕಿಲ್ಲ. ನೀರು ಒಳಗೆ ಹೋಗಬೇಕೋ ಹೊರಗೆ ಬರಬೇಕೋ ಅಂತ ತೀರ್ಮಾನಿಸುವುದು ಉಪ್ಪಿನ ವ್ಯತ್ಯಾಸ. ಎಷ್ಟು ಬೇಗ ಅನ್ನುವುದು ಮಾತ್ರ ಈ ದಾರಿಗಳ ಸಂಖ್ಯೆಗೆ ಬಿಟ್ಟದ್ದು. "ಆಕ್ವಾಪೊರಿನ್ ಜಾಸ್ತಿ ಆದದ್ದರಿಂದ ಹೃದಯ ಊದಿಕೊಂಡಿತು" ಅಂತ ಎಲ್ಲಾದರೂ ಓದಿದರೆ ನಾನು ಸ್ವಲ್ಪ ಅನುಮಾನದಿಂದಲೇ ಓದುತ್ತೇನೆ. ದಾರಿ ಅಗಲವಾದ ಮಾತ್ರಕ್ಕೆ ನೀರು ಹರಿಯುವುದಿಲ್ಲ. ಹರಿಸುವ ವ್ಯತ್ಯಾಸ ಎಲ್ಲಿಂದ ಬಂತು ಅಂತ ಕೇಳಬೇಕು, ಅಲ್ವಾ?

ಹೃದಯದಲ್ಲಿ ಇವು ಎಲ್ಲಿವೆ? ನಂಬರ್ ಒಂದು ಆಕ್ವಾಪೊರಿನ್ ಮುಖ್ಯವಾಗಿ ಹೃದಯದ ಅತಿ ತೆಳು ರಕ್ತನಾಳಗಳ ಒಳಮೈಯಲ್ಲಿದೆ. ಅಂಥ ನಾಳಗಳು ಹೃದಯದಲ್ಲಿ ಎಷ್ಟು ಒತ್ತೊತ್ತಾಗಿವೆ ಅಂದರೆ ಹೆಚ್ಚುಕಡಿಮೆ ಒಂದು ಸ್ನಾಯುಕೋಶಕ್ಕೆ ಒಂದು. ಸ್ನಾಯುಕೋಶದ ಪೊರೆಯಲ್ಲೂ ಅದು ಕಾಣುತ್ತದೆ, ವಿಶೇಷವಾಗಿ ಪೊರೆ ಸಣ್ಣ ಗುಳಿಯಂತೆ ಒಳಕ್ಕೆ ಬಾಗಿದ ಜಾಗಗಳಲ್ಲಿ. ಇಲಿಯ ಹೃದಯದಲ್ಲಿ ನಾಲ್ಕನೇ ನಂಬರಿನದ್ದೂ ಇದೆ. ಏಳನೆಯದು ನೀರಿಗಿಂತ ಗ್ಲಿಸರಾಲ್ ಸಾಗಿಸುವುದಕ್ಕೆ ಹೆಸರಾದದ್ದು. ಅದು ಹೃದಯಕ್ಕೆ ಇಂಧನ ಒದಗಿಸುವ ವಿಷಯ, ಇಲ್ಲಿಗೆ ಬೇಡ.

ರಕ್ತನಾಳದ ಗೋಡೆಯಲ್ಲಿ ಇನ್ನೊಂದು ಸೂಕ್ಷ್ಮ ಇದೆ. ಆ ಗೋಡೆಯ ಕೋಶಗಳ ನಡುವೆ ಸಣ್ಣ ಸಂದುಗಳಿವೆ. ಅವುಗಳ ಮೂಲಕ ನೀರು, ಉಪ್ಪು ಎರಡೂ ಹೋಗುತ್ತವೆ. ರಕ್ತದ ಒತ್ತಡಕ್ಕೆ ಹೊರಬರುವ ನೀರು ಬಹುಪಾಲು ಈ ಸಂದುಗಳದ್ದೇ. ಆದರೆ ಎಳೆಯುವ ಶಕ್ತಿ ಉಪ್ಪು, ಸಕ್ಕರೆಯಂಥ ಸಣ್ಣ ಕಣಗಳಿಂದ ಬಂದಾಗ ಲೆಕ್ಕ ಬದಲಾಗುತ್ತದೆ. ಸಣ್ಣ ಕಣಗಳು ಸಂದಿನಲ್ಲಿ ತಾವೇ ನುಸುಳಿಬಿಡುತ್ತವೆ, ಹಾಗಾಗಿ ಅಲ್ಲಿ ಎಳೆತ ಹುಟ್ಟುವುದಿಲ್ಲ. ಎಳೆತ ಹುಟ್ಟುವುದು ಉಪ್ಪು ದಾಟದ, ನೀರು ಮಾತ್ರ ದಾಟುವ ದಾರಿಯಲ್ಲಿ, ಅಂದರೆ ಆಕ್ವಾಪೊರಿನ್‌ನಲ್ಲಿ. ಹೊಟ್ಟೆಯೊಳಗೆ ಸಕ್ಕರೆ ದ್ರವ ತುಂಬಿ ಮಾಡುವ ಡಯಾಲಿಸಿಸ್‌ನಲ್ಲೂ ಹೀಗೇ. ಹೊರಬರುವ ನೀರಿನ ಸುಮಾರು ಅರ್ಧದಷ್ಟು ಬರುವುದು ನಂಬರ್ ಒಂದು ಆಕ್ವಾಪೊರಿನ್ ಮೂಲಕ.

ಸ್ನಾಯುಕೋಶದ ವಿಷಯದಲ್ಲಿ ಇಷ್ಟು ಖಚಿತ ಇಲ್ಲ. ಅಲ್ಲಿ ನೀರಿನ ಹೆಚ್ಚಿನ ಪಾಲು ಕೊಬ್ಬಿನ ಪೊರೆಯ ಮೂಲಕವೇ ಹೋಗುತ್ತದೆ ಅನ್ನುವವರಿದ್ದಾರೆ. ಆಕ್ವಾಪೊರಿನ್ ಪಾಲೂ ಗಣನೀಯ ಅನ್ನುವವರಿದ್ದಾರೆ. ಎರಡೂ ಕಡೆ ಪ್ರಯೋಗಗಳಿವೆ. ಬೇರೆ ಬೇರೆ ಪ್ರಾಣಿಗಳ ಕೋಶ ಇಟ್ಟುಕೊಂಡು ಮಾಡಿದವು.

ಉಪ್ಪಿನ ಸಾಂದ್ರತೆ ಈ ದಾರಿಗಳನ್ನೇ ಬದಲಿಸುತ್ತದಾ? ಹೌದು, ಬದಲಿಸುತ್ತದೆ. ಆದರೆ ನಿಮಿಷಗಳಲ್ಲಿ ನಡೆಯುವುದು ಒಂದು ಥರ, ದಿನಗಳಲ್ಲಿ ನಡೆಯುವುದು ಇನ್ನೊಂದು ಥರ. ಇಲ್ಲೇ ಹೆಚ್ಚಿನವರು ಗೊಂದಲಕ್ಕೆ ಬೀಳುವುದು.

1998ರಲ್ಲಿ ಶಿಕಾಗೊದ ಅರ್ನೆಸ್ಟ್ ಪೇಜ್ ಮತ್ತು ಜೊತೆಗಾರರು ಇಲಿಯ ಹೃದಯದ ಕೋಶಗಳನ್ನು ನೋಡಿದರು. ಸುತ್ತಲಿನ ದ್ರವವನ್ನು ಗಾಢ ಮಾಡಿದಾಗ ಪೊರೆಯ ಗುಳಿಗಳಲ್ಲಿದ್ದ ಆಕ್ವಾಪೊರಿನ್ ಕೋಶದ ಒಳಕ್ಕೆ ಸರಿಯಿತು. ದ್ರವವನ್ನು ಮೊದಲಿನ ಹದಕ್ಕೆ ತಂದಾಗ ಮತ್ತೆ ಪೊರೆಗೆ ಬಂತು. ಅಂದರೆ ಹೊರಗೆ ಉಪ್ಪಿನ ಎಳೆತ ಜಾಸ್ತಿಯಾಗಿ ನೀರು ಕಳೆದುಹೋಗುವ ಸಂದರ್ಭ ಬಂದಾಗ ಕೋಶ ಪೊರೆಯ ಮೇಲಿನ ದಾರಿ ಕಡಿಮೆ ಮಾಡಿಕೊಂಡಿತು. ಬೇರೆ ಜಾತಿಯ ಕೋಶಗಳಲ್ಲಿ ಉಲ್ಟಾ ಪ್ರಯೋಗವೂ ಆಗಿದೆ. ಹೊರಗಿನ ದ್ರವ ತೆಳುವಾದಾಗ ನಂಬರ್ ಒಂದು ಆಕ್ವಾಪೊರಿನ್ ಒಳಗಿಂದ ಪೊರೆಗೆ ಬಂದು ಕೂರುತ್ತದೆ, ಅದೂ ಬಹಳ ಬೇಗ. ಇವೆಲ್ಲ ಈಗಾಗಲೇ ತಯಾರಾಗಿರುವ ಪ್ರೋಟೀನನ್ನು ಜಾಗ ಬದಲಿಸುವ ಕೆಲಸ.

ಉಪ್ಪಿನ ಮಟ್ಟ ಗಂಟೆಗಟ್ಟಲೆ, ದಿನಗಟ್ಟಲೆ ಮೇಲೇ ನಿಂತರೆ ಕೋಶ ಹೊಸ ಪ್ರೋಟೀನ್ ತಯಾರಿಸುವ ಪ್ರಮಾಣವನ್ನೇ ಬದಲಿಸುತ್ತದೆ. ಇದು ಚೆನ್ನಾಗಿ ಗೊತ್ತಿರುವುದು ಮೂತ್ರಪಿಂಡದ ಕೋಶಗಳಲ್ಲಿ. ಸುತ್ತಲೂ ಉಪ್ಪು ಜಾಸ್ತಿ ಇದ್ದರೆ ಅವು ನಂಬರ್ ಒಂದು ಆಕ್ವಾಪೊರಿನ್ ಅನ್ನು ಹೆಚ್ಚು ತಯಾರಿಸುತ್ತವೆ. ಅಂದರೆ ನಿಮಿಷಗಳ ಲೆಕ್ಕದಲ್ಲಿ ದಾರಿ ಕಡಿಮೆ ಮಾಡಿದ ಸಂಗತಿಯೇ ದಿನಗಳ ಲೆಕ್ಕದಲ್ಲಿ ದಾರಿ ಹೆಚ್ಚಿಸಬಹುದು. ಹಾಗಾಗಿ "ಉಪ್ಪು ಜಾಸ್ತಿಯಾದರೆ ಆಕ್ವಾಪೊರಿನ್ ಜಾಸ್ತಿ" ಅಂತಲೋ "ಕಡಿಮೆ" ಅಂತಲೋ ಒಂದೇ ಸಾಲಿನಲ್ಲಿ ಬರೆದಿದ್ದರೆ ನಂಬಬೇಡಿ. ಎಷ್ಟು ಹೊತ್ತು, ಯಾವ ಅಂಗ, ಯಾವ ಪ್ರಾಣಿ ಅಂತ ಕೇಳಿ.

ಕೋಶದ ಹತ್ತಿರ ಇನ್ನೂ ಒಂದು ಉಪಾಯ ಇದೆ. ಹೃದಯದ ಕೋಶದಲ್ಲಿ ಟಾರಿನ್ ಅನ್ನುವ ಸಣ್ಣ ಅಣು ಧಾರಾಳವಾಗಿ ಇರುತ್ತದೆ. ಕೋಶ ಊದತೊಡಗಿದಾಗ ಟಾರಿನ್ ಮತ್ತು ಕೆಲವು ಅಯಾನುಗಳನ್ನು ಹೊರಗೆ ಹಾಕುತ್ತದೆ. ಒಳಗಿನ ಕಣಗಳು ಕಡಿಮೆಯಾದರೆ ನೀರೂ ಹೊರಗೆ ಹೋಗುತ್ತದೆ. ಈ ಕೆಲಸಕ್ಕೆ ಸಮಯ ಬೇಕು. ಸೋಡಿಯಂ ವಾರಗಟ್ಟಲೆ ನಿಧಾನವಾಗಿ ಇಳಿದವರು 122ರಲ್ಲೂ ಎದ್ದು ಕೂತು ಮಾತಾಡುತ್ತಾರೆ. ಒಂದೇ ದಿನದಲ್ಲಿ ಅಷ್ಟು ಇಳಿದವರಿಗೆ ಫಿಟ್ಸ್ ಬರಬಹುದು. ಮಿದುಳಿನ ಕೋಶಗಳೂ ಇದೇ ಉಪಾಯ ಮಾಡುತ್ತವೆ. ಅದಕ್ಕೇ ಹಳೆಯ ಸೋಡಿಯಂ ಕೊರತೆಯನ್ನು ವೈದ್ಯರು ಗಡಿಬಿಡಿಯಲ್ಲಿ ಸರಿಮಾಡುವುದಿಲ್ಲ. 24 ಗಂಟೆಯಲ್ಲಿ 8ರಿಂದ 10 ಮಿಲಿಮೋಲ್‌ಗಿಂತ ಜಾಸ್ತಿ ಏರದಂತೆ ನೋಡಿಕೊಳ್ಳುತ್ತಾರೆ. ಬೇಗ ಏರಿಸಿದರೆ ಕಣ ಖಾಲಿ ಮಾಡಿಕೊಂಡ ಮಿದುಳಿನ ಕೋಶಗಳಿಂದ ನೀರು ಎಳೆದುಹೋಗಿ ನರಗಳ ಹೊದಿಕೆಗೆ ಪೆಟ್ಟಾಗುತ್ತದೆ. "ಎರಡು ದಿನ ಆಯಿತು, ಇನ್ನೂ 128ರಲ್ಲೇ ಇದೆ, ಏನು ಟ್ರೀಟ್‌ಮೆಂಟ್ ಮಾರಾಯ್ರೇ" ಅಂತ ಸಿಟ್ಟು ಮಾಡುವ ಮುಂಚೆ ಇದು ಗೊತ್ತಿರಲಿ.

ಸ್ನಾಯುಕೋಶ ಊದಿದರೆ ಹೃದಯಕ್ಕೆ ಏನು ನಷ್ಟ? ಊದಿದಾಗ ಮಾತ್ರ ತೆರೆಯುವ ಕ್ಲೋರೈಡ್ ದಾರಿಗಳು ಪೊರೆಯಲ್ಲಿವೆ. ಅವು ತೆರೆದರೆ ಪ್ರತಿ ಬಡಿತದ ವಿದ್ಯುತ್ ಸಂಕೇತದ ಉದ್ದ ಬದಲಾಗುತ್ತದೆ. ಇನ್ನೊಂದು, ಹೃದಯದ ಗೋಡೆ ನೀರು ತುಂಬಿ ದಪ್ಪವಾದರೆ ಬಿಗಿಯಾಗುತ್ತದೆ. ಸಡಿಲಗೊಂಡು ರಕ್ತ ತುಂಬಿಸಿಕೊಳ್ಳುವುದು ಕಷ್ಟವಾಗುತ್ತದೆ. ಹೃದಯದ ತೂಕದಲ್ಲಿ ಮುಕ್ಕಾಲು ಪಾಲು ಹೇಗೂ ನೀರೇ. ಆದರೂ ಅದಕ್ಕೆ ಇನ್ನು ಸ್ವಲ್ಪ ಸೇರಿದರೂ ಪಂಪಿಂಗ್ ಎದ್ದು ಕಾಣುವಷ್ಟು ಕುಗ್ಗುತ್ತದೆ.

ಇದಕ್ಕೆ ಸೋಡಿಯಂ ಇಳಿಯಲೇಬೇಕು ಅಂತಿಲ್ಲ. ಹೃದಯಾಘಾತ ನೋಡಿ. ರಕ್ತನಾಳ ಮುಚ್ಚಿದಾಗ ಆ ಭಾಗದ ಕೋಶಗಳಿಗೆ ಆಮ್ಲಜನಕ ಇಲ್ಲ. ದೊಡ್ಡ ಅಣುಗಳು ಒಡೆದು ಲ್ಯಾಕ್ಟೇಟ್‌ನಂಥ ಸಣ್ಣ ಕಣಗಳಾಗಿ ರಾಶಿ ಬೀಳುತ್ತವೆ. ಒಳಗಿನ ಸಾಂದ್ರತೆ ಏರುತ್ತದೆ. ಆಮೇಲೆ ಆಂಜಿಯೋಪ್ಲಾಸ್ಟಿ ಮಾಡಿ ನಾಳ ತೆರೆದ ತಕ್ಷಣ 290ರ ಮಾಮೂಲಿ ರಕ್ತ ನುಗ್ಗುತ್ತದೆ. ಮಾಮೂಲಿ ರಕ್ತವೇ ಆದರೂ ಒಳಗಿನದಕ್ಕೆ ಹೋಲಿಸಿದರೆ ಅದು ತೆಳು. ನೀರು ಕೋಶದೊಳಗೆ ಧಾವಿಸುತ್ತದೆ, ಆ ಭಾಗ ಊದುತ್ತದೆ. ನಾಳ ತೆರೆಯುವುದೇ ಜೀವ ಉಳಿಸುವ ದಾರಿ, ಅದರಲ್ಲಿ ಎರಡು ಮಾತಿಲ್ಲ. ತೆರೆದ ಮೇಲಿನ ಊತವನ್ನು ಹೇಗೆ ಕಡಿಮೆ ಮಾಡುವುದು ಅನ್ನುವಲ್ಲಿ ಆಕ್ವಾಪೊರಿನ್ ಸಂಶೋಧಕರಿಗೆ ಆಸಕ್ತಿ. ತೆರೆದ ಹೃದಯದ ಶಸ್ತ್ರಚಿಕಿತ್ಸೆಯಲ್ಲೂ ಇದೇ ಚಿಂತೆ. ಹಾರ್ಟ್-ಲಂಗ್ ಮೆಷಿನ್‌ಗೆ ಮೊದಲು ತುಂಬಿಸುವ ದ್ರವ ರಕ್ತವನ್ನು ತೆಳು ಮಾಡುತ್ತದೆ. ಎಷ್ಟೋ ಕಡೆ ಆ ದ್ರವಕ್ಕೆ ಸಕ್ಕರೆಯಂಥ ಮ್ಯಾನಿಟಾಲ್ ಸೇರಿಸುವುದು ನೀರನ್ನು ಕೋಶದ ಹೊರಗೆ ಹಿಡಿದಿಡುವುದಕ್ಕೂ ಹೌದು.

ಸಕ್ಕರೆ ಕಾಯಿಲೆಯವರಿಗೆ ಒಂದು ಮಾತು. ರಕ್ತದಲ್ಲಿ ಸಕ್ಕರೆ 500, 600 ಆದಾಗ ಆ ಸಕ್ಕರೆಯೇ ಕೋಶಗಳಿಂದ ನೀರನ್ನು ರಕ್ತಕ್ಕೆ ಎಳೆಯುತ್ತದೆ. ರಕ್ತ ತೆಳುವಾಗಿ ಸೋಡಿಯಂ ಅಂಕಿ ಇಳಿಯುತ್ತದೆ. ಆಗ ಕೋಶಗಳು ಊದಿರುವುದಿಲ್ಲ, ಮುರುಟಿರುತ್ತವೆ. ಬೇಕಾದ್ದು ಸಕ್ಕರೆಯ ಚಿಕಿತ್ಸೆ.

ನಂಬರ್ ಒಂದು ಆಕ್ವಾಪೊರಿನ್ ಇಲ್ಲದೆ ಹುಟ್ಟಿದವರೂ ಇದ್ದಾರೆ. ಕೋಲ್ಟನ್ ಅನ್ನುವ ರಕ್ತಗುಂಪಿನ ಗುರುತು ಇರುವುದು ಇದೇ ಪ್ರೋಟೀನಿನ ಮೇಲೆ. ಆ ಗುರುತೇ ಇಲ್ಲದವರು ಜಗತ್ತಿನಲ್ಲಿ ಬೆರಳೆಣಿಕೆಯಷ್ಟು ಸಿಕ್ಕಿದ್ದಾರೆ. ಅವರ ಹೃದಯ ಚೆನ್ನಾಗಿಯೇ ಬಡಿಯುತ್ತದೆ. ದಿನನಿತ್ಯದ ಬದುಕಿನಲ್ಲಿ ತೊಂದರೆ ಗೊತ್ತೇ ಆಗುವುದಿಲ್ಲ. ನೀರು ಕೊಡದೆ ಪರೀಕ್ಷೆ ಮಾಡಿದಾಗ ಮಾತ್ರ ಮೂತ್ರವನ್ನು ಸಾಕಷ್ಟು ಗಟ್ಟಿ ಮಾಡಲು ಅವರಿಗೆ ಆಗುವುದಿಲ್ಲ ಅಂತ ಕಂಡಿತು. ನನಗೆ ಈ ಸಂಗತಿ ಬಹಳ ಮುಖ್ಯ ಅನಿಸುತ್ತದೆ. ಈ ದಾರಿಗಳ ಬೆಲೆ ತಿಳಿಯುವುದು ದೇಹಕ್ಕೆ ಒತ್ತಡ ಬಿದ್ದಾಗ, ಸುಮ್ನೆ ಕೂತಾಗ ಅಲ್ಲ.

ಒತ್ತಡ ಅಂದರೆ ನಮ್ಮ ಏಪ್ರಿಲ್, ಮೇ ತಿಂಗಳು. ಕರಾವಳಿಯ ಸೆಕೆಯಲ್ಲಿ ಬೆವರು ಆರುವುದೇ ಇಲ್ಲ. ಬೆವರಿನಲ್ಲಿ ಉಪ್ಪಿದ್ದರೂ ರಕ್ತದಷ್ಟಿಲ್ಲ. ಹಾಗಾಗಿ ಬರೇ ಬೆವರಿದರೆ ರಕ್ತ ಗಾಢವಾಗುತ್ತದೆ, ಬಾಯಾರುತ್ತದೆ. ಆಗ ಬರೇ ನೀರನ್ನೇ ಚೊಂಬುಗಟ್ಟಲೆ ಕುಡಿದರೆ ತೆಳುವಾಗುತ್ತದೆ. ದಕ್ಕೆಯಲ್ಲಿ ಮೀನು ಇಳಿಸುವವರು, ಗದ್ದೆಯಲ್ಲಿ ದುಡಿಯುವವರು ಕುಚ್ಚಲಕ್ಕಿ ಗಂಜಿಗೆ ಉಪ್ಪು ಹಾಕಿ, ಉಪ್ಪಿನಕಾಯಿ ನೆಂಜಿಕೊಂಡು ಉಣ್ಣುವುದು ಸರಿಯಾದ ಲೆಕ್ಕವೇ. ಬೊಂಡ ಕುಡಿದರೆ ಸೋಡಿಯಂ ಸರಿಹೋಗುತ್ತದೆ ಅನ್ನುವುದು ಮಾತ್ರ ಸರಿಯಲ್ಲ. ಬೊಂಡದಲ್ಲಿ ಪೊಟ್ಯಾಸಿಯಂ ಜಾಸ್ತಿ, ಸೋಡಿಯಂ ಕಡಿಮೆ. ಮೂತ್ರಪಿಂಡ ಸೋತವರಿಗೆ ಆ ಪೊಟ್ಯಾಸಿಯಮ್ಮೇ ಹೃದಯದ ಬಡಿತ ಕೆಡಿಸಬಹುದು. ಭೇದಿಯಾದಾಗ ಓಆರ್‌ಎಸ್ ಪ್ಯಾಕೆಟ್ ಒಳ್ಳೆಯದು. ಅದರಲ್ಲಿ ಲೀಟರಿಗೆ 75 ಮಿಲಿಮೋಲ್ ಸೋಡಿಯಂ, ಒಟ್ಟು 245 ಮಿಲಿಆಸ್ಮೋಲ್.

ದುಡಿಯುವವರ ಈ ಲೆಕ್ಕ ಹೃದಯ ಸೋತ ಅಜ್ಜಿಗೆ ಕೂಡುವುದಿಲ್ಲ. ಹೃದಯ ಸರಿಯಾಗಿ ಪಂಪ್ ಮಾಡದಿದ್ದಾಗ ಮೂತ್ರಪಿಂಡಕ್ಕೆ, ಮಿದುಳಿಗೆ ರಕ್ತ ಸಾಲದು. ನೀರು ಕಡಿಮೆಯಾಗಿದೆ ಅಂತ ದೇಹ ತಪ್ಪು ತಿಳಿಯುತ್ತದೆ. ವಾಸೋಪ್ರೆಸಿನ್ ಅನ್ನುವ ಹಾರ್ಮೋನ್ ಸುರಿಯುತ್ತದೆ. ಅದು ಮೂತ್ರಪಿಂಡದಲ್ಲಿ ಎರಡನೇ ನಂಬರಿನ ಆಕ್ವಾಪೊರಿನ್ ಅನ್ನು ಪೊರೆಗೆ ತಂದು ಕೂರಿಸಿ ನೀರನ್ನು ವಾಪಸ್ ಎಳೆಯುತ್ತದೆ. ಸೋಡಿಯಂ ಇಳಿಯುವುದು ಹೀಗೆ. ಇಂಥವರಿಗೆ ಉಪ್ಪು ಜಾಸ್ತಿ ಕೊಟ್ಟರೆ ಬಾಯಾರಿಕೆ ಹೆಚ್ಚಿ ಇನ್ನಷ್ಟು ನೀರು ಸೇರುತ್ತದೆ, ಕಾಲಿನ ಊತ ಏರುತ್ತದೆ, ಉಸಿರು ಕಟ್ಟುತ್ತದೆ. ಹೆಚ್ಚಾಗಿ ವೈದ್ಯರು ಕಡಿಮೆ ಮಾಡಿಸುವುದು ಕುಡಿಯುವ ನೀರನ್ನು. ಬಿ.ಪಿ.ಗೆ ಕೊಟ್ಟ ಥಯಾಜೈಡ್ ಜಾತಿಯ "ನೀರು ಹೋಗುವ ಮಾತ್ರೆ"ಯಿಂದ ಸೋಡಿಯಂ ಇಳಿದಿದ್ದರೆ ಕಥೆ ಮತ್ತೆ ಬೇರೆ, ಆಗ ಮಾತ್ರೆ ನಿಲ್ಲಿಸಬೇಕಾಗಬಹುದು. ಅದನ್ನು ಮನೆಯಲ್ಲೇ ತೀರ್ಮಾನ ಮಾಡಬೇಡಿ. ಈಗ ತಿನ್ನುತ್ತಿರುವ ಮಾತ್ರೆಗಳ ಚೀಟಿಯನ್ನು ಡಾಕ್ಟರಿಗೆ ತೋರಿಸಿ, "ನೀರು ಕಡಿಮೆ ಮಾಡಬೇಕಾ, ಉಪ್ಪು ಕೊಡಬೇಕಾ, ಮಾತ್ರೆ ಬದಲಿಸಬೇಕಾ?" ಅಂತ ನೇರವಾಗಿ ಕೇಳಿ.

ಹೃದಯದ ಆಕ್ವಾಪೊರಿನ್ ಅನ್ನು ತಡೆಯುವ ಔಷಧ ಇಂದಿಗೂ ಚಿಕಿತ್ಸೆಯಲ್ಲಿ ಇಲ್ಲ. ಮೂತ್ರಪಿಂಡದ್ದನ್ನು ಪರೋಕ್ಷವಾಗಿ ತಡೆಯುವ ಮಾತ್ರೆ ಇದೆ, ಟೋಲ್ವಾಪ್ಟಾನ್. ವಾಸೋಪ್ರೆಸಿನ್‌ನ ಮಾತು ಮೂತ್ರಪಿಂಡಕ್ಕೆ ಕೇಳದಂತೆ ಅದು ಮಾಡುತ್ತದೆ. ಎರಡನೇ ನಂಬರಿನ ದಾರಿಗಳು ಪೊರೆಯಿಂದ ಒಳಗೆ ಸರಿಯುತ್ತವೆ, ಉಪ್ಪನ್ನು ಬಿಟ್ಟು ನೀರು ಮಾತ್ರ ಮೂತ್ರಕ್ಕೆ ಹೋಗುತ್ತದೆ. 2007ರಲ್ಲಿ ಪ್ರಕಟವಾದ, 4,133 ಹೃದ್ರೋಗಿಗಳ ದೊಡ್ಡ ಪರೀಕ್ಷೆಯಲ್ಲಿ ಇದರಿಂದ ತೂಕ, ಊತ ಇಳಿಯಿತು, ಸೋಡಿಯಂ ಕಡಿಮೆ ಇದ್ದವರದ್ದು ಏರಿತು. ಆದರೆ ಆಯುಸ್ಸು ಹೆಚ್ಚಲಿಲ್ಲ. ಇದನ್ನು ಆಸ್ಪತ್ರೆಯಲ್ಲಿ ಇಟ್ಟುಕೊಂಡೇ ಶುರು ಮಾಡುತ್ತಾರೆ, ಸೋಡಿಯಂ ತೀರಾ ಬೇಗ ಏರದಂತೆ ಮತ್ತೆ ಮತ್ತೆ ರಕ್ತ ತೆಗೆದು ನೋಡುತ್ತಾರೆ. ಇದು ಶುರುವಾದ ಮೇಲೆ ರೋಗಿಗೆ ಬಾಯಾರಿಕೆ ಜಾಸ್ತಿ. ಮೊದಲ 24 ಗಂಟೆ ನೀರಿಗೆ ತಡೆ ಹಾಕಬಾರದು ಅನ್ನುವುದು ಈ ಮಾತ್ರೆಯ ನಿಯಮ. ಹಿಂದಿನ ದಿನದವರೆಗೆ "ಅಜ್ಜಿಗೆ ನೀರು ಕೊಡಬೇಡಿ" ಅಂದಿದ್ದ ನರ್ಸೇ ಆ ದಿನ "ಕೇಳಿದರೆ ಕೊಡಿ" ಅನ್ನುತ್ತಾರೆ.